ಸಾವ್ಕಾರ್ರ ಬೆತ್ತದ ಕುರ್ಚಿ

"ಈ ಕುರ್ಚಿ ಖಾಲಿ ಇದೆ ಪಂಕಜಾಕ್ಷಿ. ಇದರಲ್ಲಿ ಯಾರನ್ನು ಬೇಕಾದರೂ ಕೂರಿಸಿಕೊಳ್ಳಿ. ಎದುರಿಗೇ ಇದ್ದಾರೆ ಅಂದುಕೊಂಡು, ಮನಸ್ಸಿನಲ್ಲಿರೋದನ್ನೆಲ್ಲ ಹೇಳಿಬಿಡಿ," ಎಂದರು ಸುಮನಾ ಮೇಡಂ.

ಕಾಫಿ ಒಣಗಿಸುವ ಕಣದಲ್ಲಿ ಆಳುಗಳೆಲ್ಲ ಸುತ್ತ ಕೂತಿದ್ದರು. ಹೊಂಗಡಹಳ್ಳದ ಆ ಎಸ್ಟೇಟಿನ ಕಣವೆಂದರೆ ಹುಡುಗಾಟವಲ್ಲ. ಈ ಮೂಲೆಯಲ್ಲಿ ಕೆಮ್ಮಿದ್ದು ಆ ಮೂಲೆಗೆ ಕೇಳಿಸುವಷ್ಟರಲ್ಲಿ ಕೆಮ್ಮಿದವನಿಗೆ ವಾಸಿಯಾಗಿರುತ್ತದೆ. ಮೇಡಮ್ಮೂ ಸಾಮಾನ್ಯರಲ್ಲ. ಮನಸ್ಸಿನ ವೈದ್ಯೆ, ಆಳುಗಳಿಗಾಗಿ ಎರಡು ದಿನದ ಶಿಬಿರ ನಡೆಸಲು ಬಂದವರು. ಭೂಮಂಡಲದಲ್ಲಿ ಅವರು ಖಾಲಿ ಕುರ್ಚಿ ಇಡದ ದೇಶವೇ ಉಳಿದಿರಲಿಲ್ಲ. ಜಪಾನಿನಲ್ಲಿ ಒಬ್ಬ ಮುದುಕ ಸತ್ತ ತಮ್ಮನನ್ನು ಅದರಲ್ಲಿ ಕೂರಿಸಿ ರಾಜಿಯಾದನಂತೆ. ಬ್ರೆಜಿಲಿನಲ್ಲಿ ಒಬ್ಬಳು ಅದನ್ನು ತಬ್ಬಿಕೊಂಡು ಅತ್ತಳಂತೆ. ಜರ್ಮನಿಯವನೊಬ್ಬ ಅದನ್ನೇ ಅಪ್ಪನೆಂದು ಒದ್ದು, ಕಾಲು ಉಳುಕಿಸಿಕೊಂಡು, ನಗುನಗುತ್ತಾ ಮನೆಗೆ ಹೋದನಂತೆ. ದೇಶ ಯಾವುದಾದರೇನು, ಅನ್ನಿಸಿದ್ದನ್ನು ಮುಚ್ಚಿಡದೆ ಹೇಳಿದರೆ ಮನುಷ್ಯ ಅರಳುತ್ತಾನೆ ಎಂಬುದು ಅವರ ವಿದ್ಯೆ.

ಇಷ್ಟು ಲೋಕ ಸುತ್ತಿದವರು ನಮ್ಮಲ್ಲಿಗೆ ಬಂದು ಒಂದು ಸಣ್ಣ ಎಡವಟ್ಟು ಮಾಡಿಕೊಂಡಿದ್ದರು. ಸ್ಟೋರಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಗುಡ್ಡೆಯೇ ಬಿದ್ದಿದ್ದರೂ, ಚೆನ್ನಾಗಿ ಕಾಣುತ್ತದೆಂದು ಬಂಗಲೆಯ ಜಗಲಿಯಿಂದ ಎಸ್ಟೇಟಿನ ಧಣಿ ಕುಮಾರ್ ಸಾವ್ಕಾರ್ರ ಬೆತ್ತದ ಕುರ್ಚಿಯನ್ನೇ ತರಿಸಿದ್ದರು. ಸಾವ್ಕಾರ್ರು ಊರಲ್ಲಿಲ್ಲದಾಗಲೂ ಆಳುಗಳು ಅದರ ಮುಂದೆ ಹಾಯುವಾಗ ಚಪ್ಪಲಿ ಕೈಗೆತ್ತಿಕೊಳ್ಳುತ್ತಿದ್ದರು. ಬಂಗಲೆಯ ಬೆಕ್ಕು ಕೂಡ ಅದರ ಮೇಲೆ ಮಲಗಿದ್ದನ್ನು ಕಂಡವರಿಲ್ಲ.

ಪಂಕಜಾಕ್ಷಿಯ ಗಂಡ ಶಿವುವನ್ನು ಹೋದ ಬೇಸಿಗೆಯಲ್ಲಿ ತೋಟದೊಳಗೇ ಆನೆ ತುಳಿದಿತ್ತು. ಕುಡಿದು ಆನೆಗೆ ಅಡ್ಡ ಹೋದ ಎಂದು ಸಾವ್ಕಾರ್ರು ವಿಚಾರಿಸಲು ಬಂದವರಿಗೆಲ್ಲ ಹೇಳಿ ಕಳಿಸಿದ್ದರು. ಆವತ್ತಿನಿಂದ ಅವಳು ಆ ಮಾತಿಗೆ ತುಟಿ ಬಿಚ್ಚಿರಲಿಲ್ಲ. ಮಗಳನ್ನು ಕಟ್ಟಿಕೊಂಡು ಎಸ್ಟೇಟಿನವರು ಆಳುಗಳಿಗೆ ಕೊಟ್ಟ ಲೈನ್ ಮನೆಯಲ್ಲಿ ಇರಬೇಕಾದರೆ ತುಟಿ ಬಿಚ್ಚದಿರುವುದೇ ಬಾಡಿಗೆ.

"ಮೇಡಮ್ಮೋರೇ, ಸಾವ್ಕಾರ್ರು ಹಿಂದೆ ನಿಂತವ್ರೆ," ಎಂದು ಅವಳು ಪಿಸುಗುಟ್ಟಿದಳು.

"ನಿಂತಿರಲಿ. ಇಲ್ಲಿ ದೊಡ್ಡವರು ಚಿಕ್ಕವರು ಅಂತಿಲ್ಲ. ನೀವು ಏನೇ ಹೇಳಿದರೂ ಯಾರೂ ತಪ್ಪು ಅನ್ನಲ್ಲ. ಅಲ್ವಾ ಕುಮಾರ್ ಅವರೇ?"

"ಹೇಳವ್ವಾ, ಹೇಳು. ಗಂಡನ್ನ ನೆನೆಸ್ಕೊಂಡು ಮಾತಾಡು, ಮನಸು ಹಗುರಾಗ್ಲಿ," ಎಂದರು ಸಾವ್ಕಾರ್ರು.

ಪಂಕಜಾಕ್ಷಿ ಕುರ್ಚಿಯನ್ನು ನೋಡಿದಳು. ಅದರಲ್ಲಿ ಶಿವು ಹೇಗೆ ತಾನೇ ಕೂತಾನು? ಬದುಕಿದ್ದಾಗಲೇ ಅದರ ನೆರಳು ದಾಟದವನು. ಅವಳು ಎದ್ದು ನಿಂತು ಸೆರಗು ಸರಿಮಾಡಿಕೊಂಡಳು.

"ಸಾವ್ಕಾರ್ರೇ, ಆವತ್ತು ಫೋನಿಗೆ ಫಾರೆಸ್ಟಿನೋರ ಮೆಸೇಜ್ ಬಂದಿತ್ತು, ಆನೆ ಕೆರೆ ಮಗ್ಗುಲಲ್ಲೈತೆ ಅಂತ. ನಮ್ಮೆಜಮಾನ್ರು ನಿಮಗೆ ತೋರ್ಸಿದ್ರು. ಆನೆ ಇದ್ರೆ ಇರ್ಲಿ, ಕಾಫಿ ಹೂವು ನಿಂಗೋಸ್ಕರ ಕಾಯ್ತದೇನೋ, ಹೋಗಿ ಸ್ಪ್ರಿಂಕ್ಲರ್ ಪೈಪು ಬದಲಾಯ್ಸು ಅಂದ್ರಿ. ಕುಳ್ಳಯ್ಯಣ್ಣ ಪಕ್ಕದಲ್ಲೇ ನಿಂತಿದ್ದ, ಅವ್ನೂ ಕೇಳಿಸ್ಕಂಡವ್ನೆ. ನಮ್ಮೆಜಮಾನ್ರು ಹೆಂಡ ಮುಟ್ಟಿದವ್ರಲ್ಲ. ಕೊಂದಿದ್ದು ಆನೆ, ಸರಿ. ಕುಡುಕ ಮಾಡಿದ್ದು ನೀವು. ನನ್ ಮಗಳು ಸ್ಕೂಲಲ್ಲಿ ಕುಡುಕನ ಮಗಳು ಅನ್ನಿಸ್ಕಂತಾ ಅವ್ಳೆ."

ಆ ಮಾತಿಗೆ ದೂರದ ಆನೇಮಹಲಿನ ಹೆದ್ದಾರಿಯಲ್ಲಿ ಲಾರಿಗಳೂ ಬ್ರೇಕು ಹಾಕಿ ನಿಂತುಬಿಟ್ಟವು. ಮೊದಲ ಚಪ್ಪಾಳೆ ಹೊಡೆದವರು ಯಾರು? ಸ್ವತಃ ಸಾವ್ಕಾರ್ರು! ಅವರು ಹೊಡೆದ ಮೇಲೆ ಆಳುಗಳೂ ಹೊಡೆದರು. ಸುಮನಾ ಮೇಡಂ ಪಂಕಜಾಕ್ಷಿಯನ್ನು ತಬ್ಬಿಕೊಂಡು ಸುರಿಸಿದ ಕಣ್ಣೀರಿಗೆ ಹೇಮಾವತಿ ಹೊಳೆ ಎರಡಡಿ ಏರಿರಬೇಕು. ಲೋಕದಲ್ಲೆಲ್ಲೂ ಇಷ್ಟು ಬೇಗ ಯಾರೂ ಅರಳಿದ್ದನ್ನು ತಾನು ಕಂಡಿಲ್ಲ ಎಂದರು.

ಮರುದಿನ ಬೆಳಿಗ್ಗೆ ಪಂಕಜಾಕ್ಷಿಯ ಲೈನ್ ಮನೆಗೆ ಹಲಸಿನಕಾಯಿ ಗಾತ್ರದ ಬೀಗ ಬಿದ್ದಿತ್ತು. ಪಾತ್ರೆಯ ಚೀಲ ಹೊತ್ತು, ಮಗಳ ಕೈಹಿಡಿದು ಅವಳು ಆಗಲೇ ಆಲೂರಿನ ಬಸ್ಸು ಹತ್ತಿಯಾಗಿತ್ತು. ಸುಮನಾ ಮೇಡಂ ಬಂಗಲೆಗೆ ಓಡಿದರು.

"ಇದೇನ್ರೀ ಇದು? ನಿನ್ನೆ ಚಪ್ಪಾಳೆ ಹೊಡೆದವರು ನೀವೇ ಅಲ್ವಾ?"

"ಹೊಡ್ದೆ. ಅದಕ್ಕೇನೀಗ?" ಸಾವ್ಕಾರ್ರು ಕಾಫಿ ಲೋಟ ಮುಂದೆ ಸರಿಸಿದರು. "ಅನ್ನಿಸಿದ್ದನ್ನ ಮುಚ್ಚಿಡಬಾರ್ದು ಅಂದವ್ರು ನೀವು. ಅವಳಿಗೆ ಅನ್ನಿಸಿದ್ದನ್ನ ಅವಳು ಹೇಳಿದ್ಲು. ನನಗೆ ಅನ್ನಿಸಿದ್ದನ್ನ ನಾನು ಮಾಡ್ದೆ. ನೀವು ಯಾರನ್ನೂ ತಪ್ಪು ಅನ್ನಂಗಿಲ್ಲ, ಅಲ್ವಾ ಮೇಡಂ? ಕಾಫಿ ಕುಡೀರಿ, ತಣ್ಣಗಾಯ್ತದೆ."

ನೂರಾರು ದೇಶ ತಿರುಗಿದ ಮೇಡಂ ಕಾಫಿ ಮುಟ್ಟದೆ ಬಂಗಲೆಯಿಂದ ಹೊರಬಿದ್ದರು. ಒಂದೇ ಒಂದು ದಾರಿ ಕಂಡಿತು: ಕುಳ್ಳಯ್ಯ. ಕಿವಿಯಾರೆ ಕೇಳಿದವನು. ಅವನೊಬ್ಬ ಬಾಯಿಬಿಟ್ಟರೆ ಶಿವುವಿನ ಹೆಸರಾದರೂ ಉಳಿದೀತು. ಸಾವ್ಕಾರ್ರ ಜೀಪು ಸಕಲೇಶಪುರದ ಕಡೆ ಹೋಗುವುದನ್ನೇ ಕಾದಿದ್ದು, ಆಳುಗಳನ್ನು ಮತ್ತೆ ಕಣದಲ್ಲಿ ಕೂರಿಸಿದರು.

"ಕುಳ್ಳಯ್ಯನವರೇ, ಹೆದರಬೇಡಿ. ಇವತ್ತು ಅವರು ಇಲ್ಲೆಲ್ಲೂ ಇಲ್ಲ. ನೋಡಿ, ಕುರ್ಚಿ ಖಾಲಿ ಇದೆ. ಅವತ್ತು ನೀವು ಕೇಳಿಸಿಕೊಂಡದ್ದನ್ನು ಹೇಳಿ, ಸಾಕು."

ಕುಳ್ಳಯ್ಯ ಎದ್ದು ಬಂದ. ಹೆಗಲ ಟವೆಲಿನಿಂದ ಬೆತ್ತದ ಕುರ್ಚಿಯ ಧೂಳು ಒರೆಸಿದ. ಬೆನ್ನು ತೋರಿಸದೆ ಹಿಂದಕ್ಕೆ ಸರಿದು, ನಡು ಬಗ್ಗಿಸಿ, ಕೈಮುಗಿದ.

"ಶಿವು ಕುಡ್ದಿದ್ದ ಸಾವ್ಕಾರ್ರೇ. ನಾನೇ ನೋಡಿವ್ನಿ."