ಗುಣಪಾಲನ ಹಲ್ಲಿನ ಸಂದಿ

“ಹರೆಯದಲ್ಲಿ ನಗುತ್ತಿದ್ದ ಫೋಟೋ ಒಂದಿದ್ದರೆ ತನ್ನಿ” ಎಂದರು ಡಾಕ್ಟರ್ ಅನ್ವಿತಾ.

ಗುಣಪಾಲ ಕುರ್ಚಿಯಲ್ಲಿ ನೆಟ್ಟಗೆ ಎದ್ದು ಕೂತ.

“ಫೋಟೋ ಎಂತಕ್ಕೆ?”

“ದವಡೆಗೆ ಕೂರಿಸಿದ ತಿರುಪುಗಳು ಮೂಳೆಗೆ ಚೆನ್ನಾಗಿ ಕಚ್ಚಿಕೊಂಡಿವೆ. ಇನ್ನು ಅದರ ಮೇಲೆ ಹಲ್ಲಿನ ಸಾಲು ಬಿಗಿಯಬೇಕು. ಈಗಿನ ಸೆಟ್ಟಿನ ಹಾಗೆ ರಾತ್ರಿ ತೆಗೆದಿಡುವಂತಿಲ್ಲ, ಕೊನೆತನಕ ಅದೇ ಹಲ್ಲು. ನಿಮ್ಮ ಸ್ವಂತದ್ದು ಹೇಗಿತ್ತೋ ಹಾಗೇ ಮಾಡಿಸುವ.”

“ಫೋಟೋ ಇಲ್ಲೆ ಡಾಕ್ಟ್ರೇ. ಮುಂಬೈಯಗೆ ಎಲ್ಲ ಕಳ್ದ್ ಹೋಯ್ತ್.”

ಹೊರಗಿನ ಬೆಂಚಿನಲ್ಲಿದ್ದ ತಾಯಿ ಅಮ್ಮಣ್ಣಿ ಬಾಗಿಲಿಗೆ ಬಂದು ನಿಂತಳು. “ನನ್ನತ್ರ ಇತ್ತ್. ನಾ ತತ್ತೆ.”

ಕುಂದಾಪುರದ ಕ್ಲಿನಿಕ್ಕಿನಿಂದ ತಲ್ಲೂರಿನ ಮನೆಗೆ ಬಸ್ಸಿನಲ್ಲಿ ಎಷ್ಟು ಹೊತ್ತು ಮಹಾ! ಆದರೆ ಅವತ್ತು ಅವನಿಗೆ ದಾರಿ ಸಾಗಲೇ ಇಲ್ಲ. ಏಕೆಂದರೆ ಅವನು ಗುಣಪಾಲನಲ್ಲ.

ನಿಜವಾದ ಗುಣಪಾಲ ಮುಂಬೈಯ ಒಂದು ಹೋಟೆಲಿನಲ್ಲಿ ಅವನ ಜೊತೆಗಿದ್ದವನು. ಮೀಸೆ ಮೂಡುವ ವಯಸ್ಸಿನಲ್ಲಿ ಮನೆ ಬಿಟ್ಟು, ಮತ್ತೆ ಊರ ಕಡೆ ತಲೆ ಹಾಕದವನು. ಕಾಮಾಲೆ ಬಂದು ಹೋಗಿಬಿಟ್ಟ. ತಾಯಿಗೆ ಸುದ್ದಿ ಮುಟ್ಟಿಸಬೇಕೆಂದು ಸತ್ತವನ ಬಟ್ಟೆಯ ಚೀಲ ಹಿಡಿದು ಇವನು ತಲ್ಲೂರಿಗೆ ಬಂದ. ಅಂಗಳಕ್ಕೆ ಕಾಲಿಟ್ಟಿದ್ದೇ ತಡ, ಮುದುಕಿ ಚೀಲವನ್ನು ನೋಡಿದಳು, ಇವನನ್ನು ನೋಡಿದಳು, “ಬಂದ್ಯಾ ಮಗಾ” ಎಂದು ತಬ್ಬಿಕೊಂಡುಬಿಟ್ಟಳು. ನಾಲಿಗೆಯ ತುದಿಗೆ ಬಂದಿದ್ದ ಸಾವಿನ ಸುದ್ದಿ ಅಲ್ಲೇ ಉಳಿಯಿತು.

ನಾಳೆ ಹೇಳಿದರಾಯಿತು ಅಂದುಕೊಂಡ. ಆ ನಾಳೆ ಬರಲಿಲ್ಲ. ಹೋಟೆಲಿನ ಹಿಂಬದಿಯಲ್ಲೇ ಬೆಳೆದ ಅನಾಥ ಅವನು. ಕುಂದಾಪ್ರದವರ ನಡುವೆ ಇದ್ದೂ ಇದ್ದೂ ಅವರ ಮಾತೇ ಅವನ ಮಾತಾಗಿತ್ತು. ಆದರೆ ಬಡಿಸಿದ ಬಟ್ಟಲಿನ ಎದುರು ಕೂತು “ಇನ್ನೊಂಚೂರ್ ಹಾಕ್ಲಾ?” ಎಂದು ಅವನನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಆ ಮಾತನ್ನು ಬಿಟ್ಟು ಹೋಗಲು ಅವನಿಂದಾಗಲಿಲ್ಲ, ಅಷ್ಟೇ.

ಅಮ್ಮಣ್ಣಿಯ ಕಣ್ಣಿಗೆ ಪೊರೆ ಬಂದಿದೆಯೆಂದು ಊರಿಗೆಲ್ಲ ಗೊತ್ತು. ಅವಳೇ ಹೇಳಿಕೊಂಡು ತಿರುಗುತ್ತಿದ್ದಳು. ಅದೇ ಅವನಿಗಿದ್ದ ಧೈರ್ಯ. ಸೆಟ್ಟು ಹಾಕಿದ ಬಾಯಿಗೆ ಮುಳ್ಳು ತಿಳಿಯುವುದಿಲ್ಲವೆಂದು ಅವಳು ಮೀನಿನ ಮುಳ್ಳನ್ನೆಲ್ಲ ಬಿಡಿಸಿಯೇ ಬಡಿಸುತ್ತಿದ್ದಳು. ಒಂದೂ ತಪ್ಪುತ್ತಿರಲಿಲ್ಲ. ಬೆರಳಿಗೆ ಅಭ್ಯಾಸ ಎಂದುಕೊಂಡ. ಹೆಸರು ಹಿಡಿದು ಕರೆಯುವ ರೂಢಿ ಅವಳಿಗಿರಲಿಲ್ಲ. ಮಗಾ ಅಂದರೆ ಮುಗಿಯಿತು. ಸಂಜೆ ಜಗಲಿಯಲ್ಲಿ ಕೂತು ಹಳೆಯ ಸಂಗತಿಗಳನ್ನು ಒಂದೂ ಬಿಡದೆ ಹೇಳುತ್ತಿದ್ದಳು. ಸುಧಾಕರ ಬಂದು ಕೊಕ್ಕೆ ಹಾಕಿ ಕೇಳುತ್ತಿದ್ದುದಕ್ಕೆಲ್ಲ ಉತ್ತರ ಅದರಲ್ಲೇ ಸಿಕ್ಕಿಬಿಡುತ್ತಿತ್ತು.

ಈ ಸುಧಾಕರ ಅಮ್ಮಣ್ಣಿಯ ತಮ್ಮನ ಮಗ, ಗುಣಪಾಲನ ಚಿಕ್ಕಂದಿನ ಜೊತೆಗಾರ. ಕಿರಿಮಂಜೇಶ್ವರದಿಂದ ಬೈಕಿನಲ್ಲಿ ಬಂದು, ಇವನ ಮುಖವನ್ನೇ ನೋಡುತ್ತ ಕೂರುವ ಆಸಾಮಿ.

“ಹ್ವಾಯ್ ಭಾವ, ಕೆರೆಯಗೆ ಮೀವತಿಗೆ ನೀನ್ ಎದ್ರ್ ಹಲ್ಲಿನ ಸಂದಿಯಗೆ ನೀರ್ ಚಿಮ್ಸ್ತಿದ್ದೆ, ನೆನ್ಪಿತ್ತಾ?” ಎಂದಿದ್ದ ಮೊನ್ನೆ. “ಈ ಸೆಟ್ಟಿನ ಬಾಯಗೆ ನಿನ್ನ ಗುರ್ತೇ ಸಿಕ್ಕುದಿಲ್ಲ. ಹೊಸ ಹಲ್ಲ್ ಬರ್ಲಿ, ಕಾಂಬ.”

ಆದರೆ ಇವನ ಸ್ವಂತ ಹಲ್ಲು, ಇದ್ದಾಗ, ಒತ್ತಾಗಿ ಇತ್ತು. ಸಂದಿಯ ಸುದ್ದಿಯೇ ಇರಲಿಲ್ಲ.

ಮತ್ತೆ ಕ್ಲಿನಿಕ್ಕಿಗೆ ಹೋದ ದಿನ ಅಮ್ಮಣ್ಣಿ ಸೆರಗಿನ ಗಂಟು ಬಿಚ್ಚಿ ಫೋಟೋ ಕೊಟ್ಟಳು. ಡಾಕ್ಟರ್ ಅದನ್ನು ಅವನ ಮುಖದ ಪಕ್ಕ ಹಿಡಿದರು. ಒಮ್ಮೆ ಫೋಟೋ, ಒಮ್ಮೆ ಮುಖ. ಅವರ ಹುಬ್ಬು ಗಂಟಿಕ್ಕಿತು. ಕುರ್ಚಿಯಲ್ಲಿ ಒರಗಿದ್ದವನು, ಮುಗಿಯಿತು ಕಥೆ, ಇನ್ನು ಈ ಮುದುಕಿಯ ಎದೆ ಒಡೆಯುತ್ತದೆ ಎಂದು ಕಣ್ಣು ಮುಚ್ಚಿಕೊಂಡ.

“ಮುಂದಿನ ಎರಡು ಹಲ್ಲಿನ ನಡುವೆ ಸಂದಿ ಇದೆಯಲ್ಲ ಅಮ್ಮ” ಎಂದರು ಡಾಕ್ಟರ್ ನಿಧಾನವಾಗಿ. “ಇವರಿಗೆ ಅದು ಬೇಕಾ? ಮುಚ್ಚಿ ಮಾಡಿಸಿದರೆ ಚೆಂದ.”

“ಚೆಂದ ಬ್ಯಾಡ. ಸಂದಿ ಇರ್ಕ್. ಅದಿಲ್ದಿರೆ ಇವ ನನ್ನ ಮಗ ಅಂದ್ರೆ ಊರಗೆ ಯಾರ್ ಒಪ್ಪತ್ರ್?”

ಹಲ್ಲು ಬಿಗಿಸಿಕೊಂಡು ಬಂದ ದಿನ ಸುಧಾಕರ ಅಂಗಳದಲ್ಲೇ ಕಾದು ನಿಂತಿದ್ದ.

“ಎಲ್ಲಿ, ಬಾಯ್ ಬಿಟ್ಟ್ ನಗಾಡ್ ಕಾಂಬ.”

ನಗುವುದು ಇಷ್ಟು ಕಷ್ಟದ ಕೆಲಸವೆಂದು ಅವನಿಗೆ ಗೊತ್ತಿರಲಿಲ್ಲ. ಹೇಗೋ ಬಾಯಿ ಬಿಟ್ಟು ನಕ್ಕ. ಸುಧಾಕರ ಹತ್ತಿರ ಬಂದ, ಬಗ್ಗಿ ನೋಡಿದ. ನೋಡುತ್ತ ನೋಡುತ್ತ ಅವನ ಗಂಟು ಮುಖ ಸಡಿಲವಾಯಿತು. “ಅದೇ ನಗು ಮಾರಾಯ! ನಾನೊಬ್ಬ ಮಂಡೆ ಸಮ ಇಲ್ಲದವ, ನಿನ್ನ ಮೇಲೆ ಅನ್ಮಾನ ಪಟ್ಟೆ” ಎಂದು ಕೈ ಹಿಡಿದುಕೊಂಡ. ಚಾ ಕುಡಿದು, ಊರಿಗೆಲ್ಲ ಹೇಳುವ ಉತ್ಸಾಹದಲ್ಲಿ ಬೈಕು ಹತ್ತಿ ಹೋದ.

ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಮೊದಲಾದರೆ ರಾತ್ರಿಯ ಹೊತ್ತಾದರೂ ಸೆಟ್ಟು ತೆಗೆದಿಟ್ಟು ತಾನು ತಾನಾಗಿರುತ್ತಿದ್ದ. ಈಗ ಸತ್ತ ಗೆಳೆಯನ ನಗುವನ್ನೇ ಮೂಳೆಗೆ ಬಿಗಿದುಕೊಂಡು, ಅವನ ತಾಯಿಗೇ ಮೋಸ ಮಾಡುತ್ತಿದ್ದೇನಲ್ಲ ಎಂದು ಅವನಿಗೆ ಅಳು ಬಂತು. ಹೇಳಿಬಿಡಲೇ ಎಂದು ಬಾಯಿ ತೆರೆದ.

ಅಮ್ಮಣ್ಣಿ ಎದ್ದು ಹೋಗಿ ಬಾಗಿಲಿನ ಅಗಳಿ ಹಾಕಿದಳು. ಹಿಂದಿರುಗಿ ಬಂದು ಅವನ ಎದುರಿಗೇ ಕೂತು, ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

“ಇನ್ ನಿನ್ನ ಯಾರೂ ಕೇಂಬುದಿಲ್ಲ. ಈಗ ಹೇಳ್ ಮಗಾ, ನನ್ನ ಗುಣಪಾಲ ಸಾಯುವತಿಗೆ ನೀನ್ ಅವ್ನ್ ಹತ್ರ ಇದ್ದಿದ್ಯಾ?”