ರಾಣಿಯ ಆಲೂಗಡ್ಡೆ

ಮೈಕು ಯಾವಾಗ ಕೈಗೆ ಬರುತ್ತದೋ ಎಂದು ಇತಿಹಾಸದ ಮೇಡಂ ತುದಿಗಾಲಲ್ಲಿದ್ದರು. ಸ್ಟುಡಿಯೋ ಕಿಕ್ಕಿರಿದಿತ್ತು. ನೇರ ಪ್ರಸಾರ. ವೇದಿಕೆಯ ಮೇಲೆ, ಹಿಂದಿನ ಕಾಲದ ರಾಣಿಯೊಬ್ಬಳ ಕುರಿತ ಟಿವಿ ಧಾರಾವಾಹಿಯ ಲೇಖಕ, ಅವರದೇ ಹಳೆಯ ಶಿಷ್ಯ, ಹಲ್ಲು ಕಿರಿಯುತ್ತ ಕೂತಿದ್ದ.

"ಅವನೇ ಕರೆದು ಮುಂದಿನ ಸಾಲಲ್ಲೇ ಸೀಟು ಕೊಟ್ಟಿದಾನಲ್ಲ, ಯಾಕಕ್ಕಾ?" ಪಕ್ಕದಲ್ಲಿದ್ದ ತಂಗಿ ಪಿಸುಗುಟ್ಟಿದಳು.

"ಸೊಕ್ಕು ಕಣೇ. ನನ್ನ ದುಡಿಮೆಗೇ ಕನ್ನ ಹಾಕಿದವನು, ತನ್ನ ಮೆರೆದಾಟ ನೋಡು ಅಂತ ಕರೆದಿದಾನೆ."

ಆ ರಾಣಿಯ ಬಗ್ಗೆ ಮೇಡಂ ಹಗಲಿರುಳು ಕೂತು ಬರೆದ ಸಂಶೋಧನೆಯನ್ನು ಅವನು ತನ್ನ ಹೆಸರಲ್ಲಿ ಅಚ್ಚು ಹಾಕಿಸಿದ್ದ. ಬಿರುದು, ಸನ್ಮಾನ, ಕೊನೆಗೆ ಈ ಧಾರಾವಾಹಿ, ಎಲ್ಲವೂ ಅದರಿಂದಲೇ. ಮೇಡಂ ಕೋರ್ಟಿಗೆ ಹೋಗಲಿಲ್ಲ. ಹೊಟ್ಟೆಯೊಳಗೆ ಬೆಂಕಿ ಇಟ್ಟುಕೊಂಡು, ಹಲ್ಲು ಕಚ್ಚಿ ಕಾದರು. ಅವನ ಹೆಸರು ಮಣ್ಣುಪಾಲಾಗಬೇಕು, ಅಷ್ಟೇ.

ಧಾರಾವಾಹಿ ಶುರುವಾದಾಗ ಅವರು ಹೆಸರು ಹಾಕದೆ ಅಂತರ್ಜಾಲದಲ್ಲಿ ಒಂದು ಪುಟ ತೆರೆದರು. ರಾಣಿಯ ನಿಜ ಬದುಕಿನ ಸ್ವಾರಸ್ಯಗಳು ಎಂದು ಮೇಲೆ ಬರೆದಿತ್ತು. ಒಳಗಿದ್ದದ್ದು ಅಷ್ಟೂ ಬುರುಡೆ. ಆಕಳಿಸಿದ್ದಕ್ಕೆ ಮಂತ್ರಿಯ ಪದವಿ ಹೋದದ್ದು, ರಾಣಿ ಸೆರೆಮನೆಯಲ್ಲಿ ಸುಟ್ಟ ಆಲೂಗಡ್ಡೆ ತಿಂದು ಜೀವ ಹಿಡಿದದ್ದು. ಅವನು ಗಾಳಕ್ಕೆ ಬಿದ್ದ. ಪುಟದಲ್ಲಿ ಬಂದದ್ದೆಲ್ಲ ಸ್ವಲ್ಪ ದಿನದಲ್ಲೇ ಧಾರಾವಾಹಿಯಲ್ಲೂ ಬರತೊಡಗಿತು. ಆಲೂಗಡ್ಡೆಯ ಕಂತು ನೋಡಿ ಊರಿಗೆ ಊರೇ ಅತ್ತಿತು. ಮೇಡಂ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಧಾರಾವಾಹಿಯ ಹಿಂದಿನ ನಿಜ ಸಂಗತಿಗಳ ಪುಸ್ತಕ ಈಗ ಬಿಡುಗಡೆ!" ನಿರೂಪಕಿ ಸಾರಿದಳು. "ಅದಕ್ಕೂ ಮೊದಲು ಯಾರಾದ್ರೂ ಏನಾದ್ರೂ ಕೇಳ್ತೀರಾ?"

ಮೇಡಂ ಎದ್ದು ಮೈಕು ಕಸಿದುಕೊಂಡರು.

"ಆ ರಾಣಿ ಸತ್ತು ಇನ್ನೂರು ವರ್ಷ ಆದ್ಮೇಲೆ ಈ ಕಡೆಗೆ ಆಲೂಗಡ್ಡೆ ಬಂದಿದ್ದು! ಮಂತ್ರಿ ಕಥೆಯೂ ಸುಳ್ಳು. ಇಂಥ ಬುರುಡೆನ ಇತಿಹಾಸ ಅಂತ ಪುಸ್ತಕ ಬರೆದವರ ಮುಖಕ್ಕೆ ಉಗೀಬೇಕು. ಇನ್ಮೇಲೆ ಅವರ ಒಂದು ಅಕ್ಷರಾನೂ ಯಾರೂ ನಂಬಬೇಡಿ!"

ಸಭೆ ದಂಗಾಯಿತು. ಹಿಂದಿನ ಸಾಲಿನಿಂದ ಯಾರೋ ಥೂ ಎಂದರು. ಮೇಡಂಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಲೇಖಕನ ಮುಖ ಬಿಳಿಚಿಕೊಂಡಿತ್ತು. "ಮೇಡಂ, ಆ ಪುಟ ನಿಮ್ಮದು ಅಂತ ಮೊದಲನೇ ದಿನವೇ ಗೊತ್ತಾಯ್ತು. ನಿಮ್ಮ ಬರವಣಿಗೆ ನನಗೆ ಗೊತ್ತಾಗಲ್ವಾ? ನೀವು ಬರೆದದ್ದು ಅಂತ ಕಣ್ಣು ಮುಚ್ಚಿಕೊಂಡು ನಂಬಿದೆ, ಅದನ್ನೆಲ್ಲ ಸೇರಿಸಿ ಪುಸ್ತಕ ಮಾಡಿಸಿದೆ. ಅವತ್ತು ಕದ್ದಿದ್ದನ್ನ ಇವತ್ತು ಎಲ್ಲರ ಮುಂದೆ ವಾಪಸ್ ಕೊಡೋಣ ಅಂತ..."

ಅಷ್ಟರಲ್ಲಿ ನಿರೂಪಕಿ ಪುಸ್ತಕಕ್ಕೆ ಹೊದಿಸಿದ್ದ ಬಟ್ಟೆ ಎಳೆದಿದ್ದಳು. ಮುಖಪುಟದಲ್ಲಿ ಲೇಖಕಿ ಎಂಬಲ್ಲಿ, ದಪ್ಪ ಅಕ್ಷರಗಳಲ್ಲಿ, ಮೇಡಂ ಹೆಸರೊಂದೇ ಇತ್ತು.