ಕೈ ಒರೆಸಿಕೊಂಡು ಮುಟ್ಟಿದ ಸೀರೆ

ಇದನ್ನು ಓದಿ ಸಿಟ್ಟು ಬರದಿದ್ದರೆ ಇನ್ನೊಮ್ಮೆ ಓದಿ... ಬರಲೇಬೇಕು!

ಹುಬ್ಬಳ್ಳಿಯ ಒಂದು ಕಾರ್ ಶೋರೂಮ್. ದೊಡ್ಡ ಜವಳಿ ಅಂಗಡಿಯ ಸಾಹುಕಾರ ಮಲ್ಲೇಶಪ್ಪನವರು ಎಸ್‌ಯುವಿ ಟೆಸ್ಟ್ ಡ್ರೈವ್‌ಗೆ ಬಂದಿದ್ದರು.

ಹತ್ತುವ ಮೊದಲು ಏನು ಮಾಡಿದರು ಗೊತ್ತಾ? ಚಪ್ಪಲಿ ಬಿಚ್ಚಿ ಕವರಿನಲ್ಲಿ ಸುತ್ತಿ ಹಿಂದೆ ಇಟ್ಟರು!

"ಹೊಸಾ ಗಾಡಿ ಅಲ್ಲೇನ್ರೀ... ಮ್ಯಾಟ್ ಹೊಲಸಾಗಬಾರ್ದು."

ಪಕ್ಕದ ಸೀಟಿನಲ್ಲಿದ್ದ ಸೇಲ್ಸ್ ಹುಡುಗಿ ಶಾಂಭವಿಗೆ ಆಶ್ಚರ್ಯವಾಗಲಿಲ್ಲ. ಅವರ ಅಂಗಡಿಯ ಶಿಸ್ತು ಊರಿಗೇ ಗೊತ್ತು.

ಅಲ್ಲಿ ಬಿಳಿ ಗಾದಿ ಏರುವ ಮೊದಲು ಚಪ್ಪಲಿ ಹೊರಗೆ ಬಿಡಬೇಕು. ಸೀರೆ ಮುಟ್ಟುವ ಮೊದಲು ಬಾಗಿಲಲ್ಲಿ ತೂಗುಹಾಕಿದ ಟವೆಲ್‌ಗೆ ಕೈ ಒರೆಸಬೇಕು. ಮರೆತರೆ ಎಲ್ಲರೆದುರೇ ಬೈಗುಳ...

ಗಾಡಿ ಊರು ದಾಟಿತು. ಸ್ಟೀರಿಂಗ್ ಹಗುರ, ಬ್ರೇಕ್ ಪಕ್ಕಾ, ಏಸಿ ತಂಪು... ಸಾಹುಕಾರರು ಖುಷ್!

ಮುಂದೆ ಬಸ್ ಸ್ಟಾಪ್. ಅದರೆದುರು ರಾತ್ರಿಯ ಮಳೆ ನೀರು ನಿಂತು ರಾಡಿಯಾಗಿತ್ತು.

"ನೀರಾಗ ಹೆಂಗ ಹೋಗತೈತಿ ನೋಡೇ ಬಿಡೂಣು!"

"ನಿಧಾನ ಸರ್... ಅಲ್ಲಿ ಜನ ನಿಂತಾರ್ರೀ!"

ಕೇಳುವವರು ಯಾರು? ಆಕ್ಸಿಲರೇಟರ್ ಒತ್ತಿಯೇ ಬಿಟ್ಟರು.

"ಭಾರಿ ಐತ್ರೀ ಗಾಡಿ! ಒಳಗ ಒಂದ್ ಹನಿ ಬರ್ಲಿಲ್ಲ ನೋಡ್ರಿ!"

ಒಳಗೆ ಬರಲಿಲ್ಲ, ನಿಜ... ಶಾಂಭವಿ ಕನ್ನಡಿಯಲ್ಲಿ ಹಿಂದೆ ನೋಡಿದಳು. ಒಬ್ಬ ತಾಯಿ ತಲೆಯಿಂದ ಕಾಲಿನವರೆಗೆ ಕೆಸರಾಗಿ, ಕೈಯಲ್ಲಿದ್ದ ಗಂಟನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

"ಗಾಡಿ ನಿಲ್ಲಸ್ರಿ ಸರ್."

"ಯಾಕ್ರೀ? ಮಳಿಗಾಲದಾಗ ರಸ್ತೆ ಬಾಜೂಕ ನಿಂತ್ರ ಕೆಸರು ಸಿಡೀದೇ ಇರತೈತೇನು?"

ಶಾಂಭವಿಯ ಮೈಯೆಲ್ಲ ಉರಿದುಹೋಯಿತು. ಗಿರಾಕಿಯೇ ದೇವರು ಅಂತ ಮ್ಯಾನೇಜರ್ ಕಲಿಸಿದ್ದರು. ಹಾಳಾಗಿ ಹೋಗಲಿ ಅಂಥ ದೇವರು!

"ಗಾಡಿ ಇನ್ನೂ ನಿಮ್ದಾಗಿಲ್ಲ ಸರ್. ನಮ್ಮ ಶೋರೂಮಿಂದು. ಹಿಂದ ತಗೋರಿ!"

ಗೊಣಗುತ್ತಲೇ ಹಿಂದೆ ತಂದರು. ಗ್ಲಾಸ್ ಇಳಿಸಿ, ಜೇಬಿಗೆ ಕೈ ಹಾಕುತ್ತಾ ಅಂದರು...

"ಏನಾತವಾ ಈಗ? ಒಗದ್ರ ಹೋಗತೈತಿ!"

ಆ ತಾಯಿ ಗಂಟು ಬಿಚ್ಚಿದಳು. ಹಸಿರು ಇಳಕಲ್ ಸೀರೆ, ಮೇಲೊಂದು ರವಿಕೆಯ ಖಣ... ಎರಡರ ಮೇಲೂ ರಾಡಿ.

ಅಂದು ಅವಳ ಮಗಳ ಕುಬಸ, ಅಂದರೆ ಸೀಮಂತ. ಚೊಚ್ಚಲ ಬಸುರಿಗೆ ತವರಿನ ಹಸಿರು ಸೀರೆ ಉಡಿಸಿ, ಮಧ್ಯಾಹ್ನ ಆರತಿ ಎತ್ತಬೇಕಿತ್ತು. ಬೀಗರ ಮನೆ ತುಂಬ ಜನ ಕಾಯುತ್ತಿದ್ದರು.

ತಾಯಿ ತಲೆ ಎತ್ತಿದಳು. ಗುರುತು ಸಿಕ್ಕಿತು.

"ಸಾವ್ಕಾರ್ರ... ನಿಮ್ಮ ಅಂಗಡ್ಯಾಗಿನ ಸೀರೀನ ಐತ್ರೀ ಇದು. ನೀವು ಹೇಳಿದ್ರಿ ಅಂತ... ಕೈ ಒರಸ್ಕೊಂಡೇ ಮುಟ್ಟಿದ್ನಿರೀ..."

ಬೈಯಲಿಲ್ಲ... ಅಷ್ಟೇ ಅಂದಳು.

ಮಲ್ಲೇಶಪ್ಪನವರ ಕೈ ಜೇಬಿನಲ್ಲೇ ಉಳಿಯಿತು. ಸ್ವಚ್ಛವಾಗಿದ್ದ ತಮ್ಮ ಬರಿಗಾಲನ್ನೇ ನೋಡುತ್ತ ಕೂತರು...

ಆಮೇಲೆ ಅಂಗಡಿಗೆ ಫೋನ್ ಮಾಡಿದರು. "ಹಸರ ಇಳಕಲ್ ಸೀರಿ, ಖಣ ತೆಗೆದಿಡ್ರಿ. ಈಗ ಬಂದೆ."

ಬರಿಗಾಲಲ್ಲೇ ರಾಡಿಗೆ ಇಳಿದು ಬಾಗಿಲು ತೆರೆದರು. "ಹತ್ತವಾ... ಸೀರಿ ತಗೊಂಡು ಹಂಗೇ ನಿನ್ನ ಮಗಳ ಮನಿಗೆ ಮುಟ್ಟಸ್ತೀನಿ."

ತಾಯಿ ಚಪ್ಪಲಿ ಬಿಚ್ಚಿ ಬದಿಗಿಟ್ಟು, ಹಿಂಜರಿದು ನಿಂತಳು.

"ಕಾಲೂ ಕೆಸರಾಗ್ಯಾವ್ರೀ... ಗಾಡಿ ಹೊಲಸಾಗತೈತಿ."

ಮಲ್ಲೇಶಪ್ಪನವರು ಬಗ್ಗಿ, ಆ ಚಪ್ಪಲಿಗಳನ್ನು ಕೈಯಲ್ಲೇ ಎತ್ತಿ ಅವಳ ಕಾಲ ಮುಂದೆ ಇಟ್ಟರು.

"ಹಾಕ್ಕೊಂಡೇ ಹತ್ತವಾ... ಮ್ಯಾಟ್ ಒಗದ್ರ ಹೋಗತೈತಿ."

ಶಾಂಭವಿ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡಳು.

ಆರತಿಯ ಹೊತ್ತಿಗೆ ಮಗಳು ತವರಿನ ಹಸಿರು ಸೀರೆಯಲ್ಲೇ ಕೂತಿದ್ದಳು.

ಸಾಹುಕಾರರು ಗಾಡಿ ತಗೊಂಡರಾ ಅಂತ ಮಾತ್ರ ಕೇಳಬೇಡಿ! ಕೇಳುವುದಾದರೆ ಇದನ್ನು ಕೇಳಿ... ಆ ಹುಡುಗಿ ಬಾಯಿ ಮುಚ್ಚಿಕೊಂಡು ಕೂತಿದ್ದರೆ? ಆ ಸೀರೆ ಬೇರೆ ಅಂಗಡಿಯದಾಗಿದ್ದರೆ?

ನೆನೆದರೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ.

ಗಾಡಿ ಎತ್ತರವಾದಷ್ಟೂ, ಕೂತವರ ಕಣ್ಣು ಕೆಳಗೆ ನಿಂತವರ ಮೇಲಿರಬೇಕು.

ಮೊನ್ನೆ ಮಳೆಯಲ್ಲಿ ಗಾಡಿ ಓಡಿಸಿದಿರಲ್ಲ... ಕನ್ನಡಿಯಲ್ಲಿ ಒಮ್ಮೆಯಾದರೂ ಹಿಂದೆ ನೋಡಿದಿರಾ?